ಗ್ರೀನ್ಸ್‌ಬರೋ ಮ್ಯೂಸಿಯಂ: ಆ ಊಟದ ಕೌಂಟರ್ ನೋಡಲೇಬೇಕು

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ರಾಲಿ, ಶಾರ್ಲೆಟ್ ಕಡೆಯ ಕನ್ನಡದವರು ಊರಿಂದ ಅಪ್ಪ ಅಮ್ಮ ಬಂದರೆ ಬೀಚು, ಬೆಟ್ಟ, ದೇವಸ್ಥಾನ ಸುತ್ತಿಸುತ್ತೇವೆ. ಗ್ರೀನ್ಸ್‌ಬರೋದ ಇಂಟರ್‌ನ್ಯಾಷನಲ್ ಸಿವಿಲ್ ರೈಟ್ಸ್ ಸೆಂಟರ್ ಅಂಡ್ ಮ್ಯೂಸಿಯಂಗೂ ಒಂದು ದಿನ ಇಡಿ. ಗೈಡ್ ಜೊತೆಗಿನ ಟೂರನ್ನೇ ತಗೊಳ್ಳಿ.

ಇದು ಹಳೇ ವೂಲ್‌ವರ್ತ್ ಅಂಗಡಿಯ ಕಟ್ಟಡ. 1960ರ ಫೆಬ್ರವರಿ 1ರಂದು ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್ ಎಂಬ ನಾಲ್ವರು ಕರಿಯ ವಿದ್ಯಾರ್ಥಿಗಳು ಇಲ್ಲಿಗೆ ಬಂದರು. ಮೊದಲು ಸಣ್ಣಪುಟ್ಟ ಸಾಮಾನು ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಬಿಳಿಯರಿಗೆ ಮಾತ್ರ ಇದ್ದ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಇವರು ಏಳಲಿಲ್ಲ. ಆ ಕೌಂಟರು, ಸ್ಟೂಲುಗಳು ಇದ್ದ ಜಾಗದಲ್ಲೇ ಇವೆ.

ನಮ್ಮಪ್ಪ ಅರಸೀಕೆರೆಯಲ್ಲಿ ದಿನಸಿ ಅಂಗಡಿ ನಡೆಸಿದವರು. ರಸೀದಿಯ ವಿಷಯ ಕೇಳಿದ್ದೇ ಅಲ್ಲೇ ನಿಂತುಬಿಟ್ಟರು. "ಆ ಕಡೆ ದುಡ್ಡು ಇಸ್ಕೊಂಡು ಈ ಕಡೆ ಎದ್ದು ಹೋಗು ಅಂದ್ರೆ ಅದೆಂಥ ವ್ಯಾಪಾರನಮ್ಮಾ?" ಅಂದರು.

ಕಾನೂನು ಗೆದ್ದದ್ದೂ ವ್ಯಾಪಾರದ ದಾರಿಯಲ್ಲೇ. ಹೋಗುವ ಮೊದಲು ಇಷ್ಟು ತಿಳಿದಿರಲಿ. ಹೋಟೆಲು, ನಾಟಕಶಾಲೆಗಳಲ್ಲಿ ಭೇದ ಮಾಡಬಾರದು ಅಂತ 1875ರಲ್ಲೇ ಕಾನೂನು ಬಂದಿತ್ತು. 1883ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿಯವರನ್ನಲ್ಲ ಅಂದಿತು. ಎಂಬತ್ತು ವರ್ಷ ಹಾಗೇ ಕಳೆಯಿತು! 1964ರ ಜುಲೈ 2ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಸಿವಿಲ್ ರೈಟ್ಸ್ ಆಕ್ಟ್ ಅದೇ ಭೇದವನ್ನು ಮತ್ತೆ ನಿಷೇಧಿಸಿತು; ಈ ಸಲ ಅದಕ್ಕೆ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಮೇಲೆ ಸಂಸತ್ತಿಗಿರುವ ಅಧಿಕಾರವನ್ನು ಹಿಡಿಯಿತು. ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಓಲೀಸ್ ಬಾರ್ಬೆಕ್ಯೂ ಹೋಟೆಲು ಕರಿಯರನ್ನು ಒಳಗೆ ಕೂರಿಸುತ್ತಿರಲಿಲ್ಲ. ನಮ್ಮದು ಸ್ಥಳೀಯ ಹೋಟೆಲು ಅಂತ ವಾದಿಸಿತು. ಆದರೆ ಅದರ ಮಾಂಸ ಹೊರರಾಜ್ಯದಿಂದ ಬರುತ್ತಿತ್ತು. ಅಷ್ಟು ಸಾಕು, ಕಾನೂನು ನಿಮಗೂ ಅನ್ವಯ ಅಂತ ಅದೇ ಡಿಸೆಂಬರಿನಲ್ಲಿ ಕೋರ್ಟ್ ತೀರ್ಪು ಕೊಟ್ಟಿತು.

ವೂಲ್‌ವರ್ತ್ ಮಾತ್ರ ಅಷ್ಟು ದಿನ ಕಾಯಲಿಲ್ಲ. ಧರಣಿ, ಬಹಿಷ್ಕಾರದಿಂದ ವ್ಯಾಪಾರ ಕುಸಿದು 1960ರ ಜುಲೈ 25ರಂದೇ ಮಣಿಯಿತು. ಮೊದಲು ಆ ಕೌಂಟರಿನಲ್ಲಿ ಕುಳಿತು ಉಂಡವರು ಅದೇ ಅಂಗಡಿಯ ಕರಿಯ ನೌಕರರು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಈ ಸಂಗತಿ.

ಹಿಂಸೆಯ ಫೋಟೋಗಳಿರುವ ಕೋಣೆಯೊಂದಿದೆ. ಅದು ಇರಲೇಬೇಕು. ಚಿಕ್ಕ ಮಕ್ಕಳಿದ್ದರೆ ಗೈಡ್‌ಗೆ ಮೊದಲೇ ಹೇಳಿಡಿ. ದೊಡ್ಡ ಮಕ್ಕಳಿಗೆ ಖಂಡಿತ ತೋರಿಸಿ.