ರೆಡಿಮೇಡ್ ಹೆರಿಗೆ ಬ್ಯಾಗ್ ಸೆಟ್: ಮಗುವಿಗೆ ಜಾಸ್ತಿ, ತಾಯಿಗೆ ಕಮ್ಮಿ

ಹೆರಿಗೆಗೆ ಒಯ್ಯುವ ರೆಡಿಮೇಡ್ ಬ್ಯಾಗ್ ಸೆಟ್‌ಗಳ ಪೆಟ್ಟಿಗೆ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ವಸ್ತುಗಳ ಸಂಖ್ಯೆ. 30 ಅಂತಲೋ 40 ಅಂತಲೋ ಬರೆದಿರುತ್ತದೆ. ಎಣಿಸಿದರೆ ಲೆಕ್ಕವೇನೋ ಸರಿಯಾಗೇ ಸಿಗುತ್ತದೆ. ಆದರೆ ಒಂದು ಜೊತೆ ಕಾಲುಚೀಲ ಎರಡಾಗಿ, ಕೈಗವಸು ಇನ್ನೆರಡಾಗಿ, ಎದೆಹಾಲಿನ ಪ್ಯಾಡುಗಳು ಒಂದೊಂದೂ ಲೆಕ್ಕಕ್ಕೆ ಸೇರಿ ಆ ಸಂಖ್ಯೆ ಬೆಳೆದಿರುತ್ತದೆ. ಹೆರಿಗೆಯಾದ ಮೊದಲ 48 ಗಂಟೆಗೆ ಏನು ಬೇಕು ಅಂತ ಇಟ್ಟುಕೊಂಡು ನೋಡಿದರೆ ಈ ಸೆಟ್‌ಗಳದು ಅರ್ಧ ಕೆಲಸ. ಮಗುವಿನ ಬಟ್ಟೆ ಪರವಾಗಿಲ್ಲ. ತಾಯಿಯ ಸಾಮಾನಿಗೆ ಬಂದಾಗ ಕೈ ಬಿಗಿ.

ಪ್ಯಾಡ್ ಉದಾಹರಣೆಗೆ ತೆಗೆದುಕೊಳ್ಳಿ. ಐದೋ ಆರೋ ಹಾಕಿ ಕೈ ತೊಳೆದುಕೊಂಡಿರುತ್ತಾರೆ. ಹೆರಿಗೆ ಸಹಜವಾಗಲಿ, ಸಿಸೇರಿಯನ್ ಆಗಲಿ, ರಕ್ತಸ್ರಾವ ನಾಲ್ಕರಿಂದ ಆರು ವಾರ ಇರುತ್ತದೆ, ಮೊದಲ ಕೆಲವು ದಿನ ತೀರಾ ಹೆಚ್ಚು. ಪೂರ್ತಿ ನೆನೆಯದಿದ್ದರೂ ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಅಂದರೆ ದಿನಕ್ಕೆ ಆರರಿಂದ ಎಂಟು. 20 ಪ್ಯಾಡ್ ಇದ್ದರೆ ನಿಶ್ಚಿಂತೆ. ತೆಳುವಾದ, ಮೇಲೆ ಪ್ಲಾಸ್ಟಿಕ್ ಜಾಲರಿ ಇರುವ ಮಾಮೂಲಿ ಪ್ಯಾಡ್ ಹಾಕಿದ್ದರೆ ಅದನ್ನು ಬದಿಗಿಡಿ, ಹೊಲಿಗೆ ಇದ್ದಲ್ಲಿ ಅದು ಅಂಟಿ ಎಳೆಯುತ್ತದೆ. ಮೇಲ್ಪದರ ಹತ್ತಿಯಂತೆ ಮೆತ್ತಗಿರುವ, ದಪ್ಪನೆಯ, ಉದ್ದನೆಯ ಮೆಟರ್ನಿಟಿ ಪ್ಯಾಡೇ ಬೇಕು. ಒಂದೇ ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ಇಲ್ಲವೇ ದೊಡ್ಡ ದೊಡ್ಡ ಗಡ್ಡೆಗಳಾಗಿ ರಕ್ತ ಹೋದರೆ, ಇನ್ನೊಂದು ಪ್ಯಾಡ್ ಹುಡುಕುತ್ತಾ ಕೂರಬೇಡಿ. ತಕ್ಷಣ ನರ್ಸ್‌ಗೆ ಹೇಳಬೇಕು.

ಬಳಸಿ ಎಸೆಯುವ ಒಳಉಡುಪಿನ ಮೇಲೆ 'ಫ್ರೀ ಸೈಜ್' ಎಂದಿರುತ್ತದೆ. ಹೆರಿಗೆಯಾದ ಮರುಗಳಿಗೆಗೆ ಹೊಟ್ಟೆ ಇಳಿಯುವುದಿಲ್ಲ, ಐದಾರು ತಿಂಗಳ ಬಸುರಿಯಷ್ಟು ಕೆಲವು ದಿನ ಇದ್ದೇ ಇರುತ್ತದೆ. ಅದಕ್ಕೇ ಈಗಿನ ಸೊಂಟದ ಅಳತೆಗೇ ಕೊಳ್ಳಬೇಕು. ಸಿಸೇರಿಯನ್ ಗಾಯ ಕಿಬ್ಬೊಟ್ಟೆಯ ಕೆಳಗೆ ಅಡ್ಡಕ್ಕೆ ಇರುತ್ತದೆ, ಸೊಂಟದ ಕೆಳಗೆ ನಿಲ್ಲುವ ಎಲಾಸ್ಟಿಕ್ ಸರಿಯಾಗಿ ಅದರ ಮೇಲೆಯೇ ಕೂರುತ್ತದೆ. ಹೊಕ್ಕುಳ ದಾಟಿ ಮೇಲೇರುವಂಥದ್ದೇ ಆಗಬೇಕು. ಕಾಗದದಂಥ ಬಟ್ಟೆಯದಾದರೆ ಇನ್ನೊಂದು ತಾಪತ್ರಯ: ಪ್ಯಾಡಿನ ಅಂಟು ಅದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಎರಡು ಹೆಜ್ಜೆ ನಡೆದರೆ ಪ್ಯಾಡ್ ಹಿಂದಕ್ಕೆ ಜಾರುತ್ತದೆ. ಹಿಗ್ಗುವ ಜಾಲರಿ ಬಟ್ಟೆ ಇದಕ್ಕಿಂತ ವಾಸಿ.

ಹಾಲೂಡಿಸುವ ಬ್ರಾ ಸೆಟ್‌ನಲ್ಲಿ ಬಂದರೆ ಅದು ಅದೃಷ್ಟದಾಟ. ಗರ್ಭದ ಕೊನೆಯಲ್ಲಿ ಪಕ್ಕೆಲುಬು ಹಿಗ್ಗಿರುತ್ತದೆ, ಆಮೇಲೆ ಕುಗ್ಗುತ್ತದೆ. ಹಾಗಾಗಿ ಈಗ ಕೊನೆಯ, ಅಂದರೆ ಅತಿ ಸಡಿಲದ ಹುಕ್ಕಿಗೆ ಸರಿಹೋಗುವಂಥದ್ದು ನೋಡಿ. ಕಪ್ಪಿನಲ್ಲಿ ಜಾಗ ಬಿಟ್ಟಿರಬೇಕು, ಯಾಕೆಂದರೆ ಎರಡರಿಂದ ಐದನೇ ದಿನದೊಳಗೆ ಹಾಲು ತುಂಬಿ ಎದೆ ದೊಡ್ಡದಾಗುತ್ತದೆ. ತಂತಿ ಇರುವುದು ಬೇಡವೇ ಬೇಡ. ನೈಟಿ ಮುಂದೆ ತೆರೆಯಬೇಕು ಎನ್ನುವುದು ಎಲ್ಲರಿಗೂ ಗೊತ್ತು. ತೋಳಿನ ವಿಷಯ ಮಾತ್ರ ಮರೆತುಹೋಗುತ್ತದೆ. ಕೈಗೆ ಡ್ರಿಪ್ ಹಾಕಿದ ಮೇಲೆ ಬಿಗಿ ತೋಳಿನ ನೈಟಿ ಕಳಚಲು ಆಗುವುದಿಲ್ಲ.

ಇಷ್ಟರ ನಡುವೆ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಯಾರೂ ಗಮನಿಸದ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಮೂತಿ ಓರೆಯಾಗಿರುವ, ಹಿಸುಕಿದರೆ ನೀರು ಚಿಮ್ಮುವ ಬಾಟಲಿ ಅದು. ಮೂತ್ರ ಮಾಡುವಾಗಲೇ ಉಗುರುಬೆಚ್ಚಗಿನ ನೀರನ್ನು ಮುಂದಿನಿಂದ ಹಿಂದಕ್ಕೆ ಹರಿಸಿದರೆ ಮೂತ್ರ ತೆಳುವಾಗಿ ಹೊಲಿಗೆಯ ಉರಿ ಬಹಳ ಕಡಿಮೆಯಾಗುತ್ತದೆ. ಒಮ್ಮೆ ನೀರು ತುಂಬಿ ತಲೆಕೆಳಗು ಮಾಡಿ ನೋಡಿ. ಮುಚ್ಚಳದ ಸುತ್ತ ಸೋರಿದರೆ ಪ್ರಯೋಜನವಿಲ್ಲ.

ಇನ್ನು ಮಗುವಿನ ಪಾಲು. ಬಟ್ಟೆಯಲ್ಲಿ ಪಕ್ಕಕ್ಕೆ ಕಟ್ಟುವ ಜಬಲಾ ಮೊದಲ ಆಯ್ಕೆ. ತಲೆ ಮೇಲಿಂದ ಎಳೆಯಬೇಕಿಲ್ಲ, ಹೊಕ್ಕುಳ ಬಳ್ಳಿಯ ತುಂಡಿಗೆ ತಾಗುವುದೂ ಇಲ್ಲ. '0–3 ತಿಂಗಳು' ಎಂಬ ಚೀಟಿ ನೋಡಿ ಮೋಸ ಹೋಗಬೇಡಿ. ಹುಟ್ಟಿದ ಮಗುವಿನ ಉದ್ದ ಸುಮಾರು 50 ಸೆಂಟಿಮೀಟರ್, ಆ ಅಳತೆಯಲ್ಲಿ ತೋಳು ಕೈ ದಾಟಿ ನೇತಾಡುತ್ತದೆ. 'ನ್ಯೂಬಾರ್ನ್' ಅಳತೆಯದು ನಾಲ್ಕೈದು, ದೊಡ್ಡದು ಒಂದೆರಡು ಇರಲಿ.

ಕೈಗವಸನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆಯ ಕೊನೆಯಲ್ಲಿ ಕತ್ತರಿಸದೆ ಬಿಟ್ಟ ದಾರದ ಎಳೆಗಳು ಸಾಮಾನ್ಯ. ಕೂದಲೆಳೆಯಷ್ಟು ಸಣ್ಣ ಆ ದಾರ ಮಗುವಿನ ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಓಡಾಡುವುದು ನಿಲ್ಲುತ್ತದೆ. ಮಗು ಅಳುತ್ತದೆ, ಬೆರಳು ಊದಿರುವುದು ಮಾತ್ರ ಗವಸಿನೊಳಗೆ ಕಾಣುವುದೇ ಇಲ್ಲ. ಮಗು ಕೈಯನ್ನು ಬಾಯಿಗೆ ಒಯ್ಯುವುದು ಹಸಿವಿನ ಸೂಚನೆ ಕೂಡ, ಗವಸು ಅದನ್ನೂ ಮುಚ್ಚಿಬಿಡುತ್ತದೆ. ನಮ್ಮ ಮಟ್ಟಿಗೆ ಗವಸು ಬೇಡ. ಕಾಲುಚೀಲವನ್ನೂ ಹೀಗೆಯೇ ತಿರುವಿ ನೋಡಿ, ದಾರ ಕತ್ತರಿಸಿಯೇ ಹಾಕಿ.

ಟೋಪಿ ಹುಟ್ಟಿದ ಮೊದಲ ಗಂಟೆಗಳಿಗೆ ಬೇಕು, ಒದ್ದೆ ತಲೆಯಿಂದ ಮಗುವಿನ ಮೈಶಾಖ ಬೇಗ ಹೋಗುತ್ತದೆ. ಎರಡು ಸಾಕು. ಮನೆಗೆ ಬಂದ ಮೇಲೆ ಮಲಗಿಸುವಾಗ ಟೋಪಿ ತೆಗೆಯಬೇಕು, ಇಲ್ಲದಿದ್ದರೆ ಮೈ ಅತಿಯಾಗಿ ಕಾಯುತ್ತದೆ.

ಡೈಪರ್ ನಾಲ್ಕೈದು ಕೊಟ್ಟಿರುತ್ತಾರೆ, ಎರಡು ದಿನಕ್ಕೆ 15 ಬೇಕೆಂದು ಹಿಡಿಯಿರಿ. ಮೊದಲ ದಿನ ಮೂತ್ರ ಒಂದೆರಡು ಸಲವಷ್ಟೇ ಆಗಬಹುದು. ಐದನೇ ದಿನದ ಹೊತ್ತಿಗೆ ಆರಕ್ಕಿಂತ ಕಡಿಮೆಯಾದರೆ ಹಾಲು ಸಾಲುತ್ತಿದೆಯೇ ಎಂದು ವೈದ್ಯರನ್ನು ಕೇಳಬೇಕು. ಮುಂಭಾಗದಲ್ಲಿ ಹೊಕ್ಕುಳಿಗೆ ಕಚ್ಚು ಬಿಟ್ಟಿರುವ ಡೈಪರ್ ಒಳ್ಳೆಯದು, ಇಲ್ಲದಿದ್ದರೆ ಅಂಚನ್ನು ಹೊರಕ್ಕೆ ಮಡಚಿದರಾಯಿತು. ಮೊದಲ ಮಲ ಕಪ್ಪಗೆ ಡಾಂಬರಿನಂತೆ ಅಂಟುತ್ತದೆ. ಮುಂಚೆಯೇ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದ್ದರೆ ಒದ್ದೆ ಹತ್ತಿಗೇ ಜಾರಿ ಬರುತ್ತದೆ. ಪರಿಮಳದ ವೈಪ್ಸ್‌ಗಿಂತ ಹತ್ತಿ ಮತ್ತು ನೀರೇ ಮೇಲು.

ತುಂಬಿಸಲೆಂದೇ ತುಂಬಿಸಿದ ಸಾಮಾನೂ ಇದೆ. ಪೌಡರ್ ಬೇಡ, ಅದರ ದೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಶಾಂಪೂ, ಸೋಪಿಗೆ ಆಸ್ಪತ್ರೆಯಲ್ಲಿ ಕೆಲಸವಿಲ್ಲ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪುಟಾಣಿ ದಿಂಬು, ಮೆತ್ತನೆ ಹೊದಿಕೆ ನೋಡಲು ಮುದ್ದಾಗಿವೆ ನಿಜ. ಆದರೆ ಒಂದು ವರ್ಷ ತುಂಬುವವರೆಗೆ ಮಗುವನ್ನು ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತವಾಗಿಯೇ ಮಲಗಿಸಬೇಕು, ಹತ್ತಿರ ದಿಂಬು ಸುಳಿಯಬಾರದು. ಹಾಲಿನ ಬಾಟಲಿಯನ್ನೂ ಮನೆಯಲ್ಲೇ ಬಿಡಿ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಸುಮಾರು ಒಂದು ಟೀ ಚಮಚದಷ್ಟು, ಅಷ್ಟು ಗಿಣ್ಣುಹಾಲು ತಾಯಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವೈದ್ಯರು ಹೇಳಿದರೆ ಆಗ ತರಿಸಿದರಾಯಿತು.

ಮಸ್ಲಿನ್ ಬಟ್ಟೆ ಎಷ್ಟಿದ್ದರೂ ಸಾಲದು. 100 ಸೆಂಟಿಮೀಟರ್ ಚೌಕದ್ದಾದರೆ ಸುತ್ತಲೂ ಹೊದಿಸಲೂ ಒರೆಸಲೂ ಆಗುತ್ತದೆ. ಸುತ್ತುವಾಗ ಕಾಲು ಮಡಚಿ ಅಗಲಿಸಲು ಜಾಗವಿರಲಿ, ನೇರ ಎಳೆದು ಬಿಗಿದರೆ ಸೊಂಟದ ಕೀಲಿಗೆ ಕೆಟ್ಟದ್ದು.

ಬ್ಯಾಗಿನ ಹಿಡಿಕೆಯ ಬುಡದಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆಯಂಥ ಹೊಲಿಗೆ ಇದ್ದರೆ ಭಾರ ತಡೆಯುತ್ತದೆ. ಒಂದೇ ಸಾಲಿನದಾದರೆ ಮೆಟ್ಟಿಲ ಮೇಲೆ ಕೈಕೊಡುತ್ತದೆ. ಒಳಗಿನ ವಿಂಗಡಣೆಯನ್ನು ನಂಬಬೇಡಿ. ಒಂದು ಪಾರದರ್ಶಕ ಜಿಪ್ ಕವರಿನಲ್ಲಿ ಒಂದು ಜಬಲಾ, ಒಂದು ಟೋಪಿ, ಒಂದು ಡೈಪರ್, ಎರಡು ಬಟ್ಟೆ ಹಾಕಿ 'ಮಗು, ಮೊದಲು' ಎಂದು ಬರೆದು ಮೇಲಿಡಿ. ಹೆರಿಗೆ ಕೋಣೆಯಿಂದ ನರ್ಸ್ ಬಂದು "ಮಗುವಿನ ಬಟ್ಟೆ ಕೊಡಿ" ಅಂದಾಗ ಜೊತೆಗಿದ್ದವರು ಇಡೀ ಬ್ಯಾಗ್ ಕೆದಕಬೇಕಾಗುವುದಿಲ್ಲ. ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ, ಎರಡು ಮೀಟರ್ ತಂತಿಯ ಚಾರ್ಜರ್, ಜಾರದ ಚಪ್ಪಲಿ, ತುಟಿ ಒಣಗದಂತೆ ಹಚ್ಚುವ ಬಾಮ್ ಸಾಮಾನ್ಯವಾಗಿ ಸೆಟ್‌ನಲ್ಲಿ ಬರುವುದಿಲ್ಲ, ಇವನ್ನು ನೀವೇ ಸೇರಿಸಬೇಕು.

36ನೇ ವಾರಕ್ಕೆ ಬ್ಯಾಗ್ ಬಾಗಿಲ ಬಳಿ ಇರಬೇಕು. ಅವಳಿ ಮಕ್ಕಳಿದ್ದರೆ, ಬಿಪಿ ಏರಿದ್ದರೆ ಇನ್ನೂ ಮೂರು ನಾಲ್ಕು ವಾರ ಮೊದಲೇ. ಪೆಟ್ಟಿಗೆ ಮಾತ್ರ ತಂದ ದಿನವೇ ಬಿಚ್ಚಿ. ಹೊಸ ಬಟ್ಟೆಯನ್ನೆಲ್ಲ ಪರಿಮಳವಿಲ್ಲದ ಸೋಪಿನಲ್ಲಿ ಒಗೆದು ಒಣಗಿಸಬೇಕು, ಕುತ್ತಿಗೆ ಹಿಂದಿನ ಚೀಟಿಯನ್ನು ಕತ್ತರಿಸದೆ ಹೊಲಿಗೆ ಬಿಚ್ಚಿಯೇ ತೆಗೆಯಬೇಕು, ಕತ್ತರಿಸಿದ ತುದಿ ಚುಚ್ಚುತ್ತದೆ. ಒಳಉಡುಪು, ಪ್ಯಾಡುಗಳ ಸೀಲ್ ಒಡೆದರೆ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಅವುಗಳ ಅಳತೆಯನ್ನು ಪ್ಯಾಕೆಟ್ ಮೇಲೆಯೇ ಓದಿ, ಹೊಂದದಿದ್ದರೆ ಹಾಗೆಯೇ ಬದಲಿಸಿಕೊಳ್ಳಿ.