ಕಲ್ಯಾಣ ಮಂಟಪ, ರೆಸಾರ್ಟ್, ದ್ರಾಕ್ಷಿ ತೋಟ: ಮೂರೂ ಕಡೆ ಮದುವೆ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ದ್ರಾಕ್ಷಿ ತೋಟಕ್ಕೆ. ನಮ್ಮ ಮನೆಯ ಮೂರು ಮದುವೆಗಳ ಓಡಾಟ ನನ್ನ ಮೇಲೆಯೇ ಇತ್ತು. ಅಕ್ಕನದು ಕೊಪ್ಪಳದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಕಾಕಾನ ಮಗನದು ಆನೆಗೊಂದಿ ಕಡೆಯ ಒಂದು ರೆಸಾರ್ಟ್‌ನಲ್ಲಿ. ತಂಗಿಯದು ಕುಷ್ಟಗಿ ಹತ್ತಿರ, ನಮ್ಮ ಮಾಮಾನ ದ್ರಾಕ್ಷಿ ತೋಟದಲ್ಲಿ. ಈಗ ಯಾರಾದರೂ "ಎಲ್ಲಿ ಮಾಡೋಣ?" ಅಂತ ಕೇಳಿದರೆ ನಾನು ಯೋಚನೆ ಮಾಡುವುದೇ ಇಲ್ಲ. ತೋಟ ಅನ್ನುತ್ತೇನೆ. ಆದರೆ ಅಲ್ಲಿ ಒಂದು ತೊಡಕು ಇದೆ. ಅದನ್ನು ಬಿಡಿಸಿಕೊಳ್ಳದೆ ಕಾರ್ಡ್ ಅಚ್ಚು ಹಾಕಿಸಬೇಡಿ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಕಲ್ಯಾಣ ಮಂಟಪದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಎಲ್ಲರೂ ನೋಡಿರುವುದೇ. ಅಡುಗೆ ಮನೆ, ನೀರು, ಪಾತ್ರೆ, ಶೌಚಾಲಯ ಎಲ್ಲ ತಯಾರು. ಮಳೆ ಬಂದರೆ ಚಿಂತೆ ಇಲ್ಲ. ಕೊಪ್ಪಳದ ಸ್ಟೇಷನ್ ಹತ್ತಿರ, ಹುಬ್ಬಳ್ಳಿ ಕಡೆಯಿಂದ ಬರುವವರಿಗೂ ಬಳ್ಳಾರಿ ಕಡೆಯಿಂದ ಬರುವವರಿಗೂ ರೈಲು ಸಿಗುತ್ತದೆ. ನನಗೆ ಬೇಜಾರಾದದ್ದು ಗಡಿಯಾರ. ನಮ್ಮ ನಂತರ ಇನ್ನೊಬ್ಬರ ಬುಕಿಂಗ್ ಇತ್ತು. ಅಕ್ಕ ಇನ್ನೂ ಅವ್ವನ ಕೊರಳಿಗೆ ಬಿದ್ದು ಅಳುತ್ತಿದ್ದಳು, ಆಗಲೇ ಆಳುಗಳು ಕುರ್ಚಿ ಎಳೆದು ನೆಲ ತೊಳೆಯಲು ಶುರು ಮಾಡಿದರು. ಅವರದೂ ತಪ್ಪಲ್ಲ, ಸಂಜೆಗೆ ಇನ್ನೊಂದು ಮನೆಯ ಆರತಕ್ಷತೆ. ಆದರೂ ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಮನೆಯವರಿಗೆ ಸ್ವಲ್ಪ ಸಮಾಧಾನ ಬೇಕಲ್ವಾ?

ರೆಸಾರ್ಟ್ ನೋಡಲು ಬಹಳ ಚಂದ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆಗಳ ರಾಶಿ, ದೂರದಲ್ಲಿ ಅಂಜನಾದ್ರಿ ಬೆಟ್ಟ. ಹೊಳೆಯ ಆಚೆ ದಡದಲ್ಲಿ ಹಂಪಿ. ಅಲ್ಲಿ ಚೈತ್ರದಲ್ಲಿ ವಿರೂಪಾಕ್ಷನಿಗೂ ಪಂಪಾದೇವಿಗೂ ಕಲ್ಯಾಣ ನಡೆದು ತೇರು ಎಳೆಯುತ್ತಾರೆ, ಅಂಥ ಜಾಗದ ಹತ್ತಿರ ಮದುವೆ ಅನ್ನುವುದೇ ಒಂದು ಖುಷಿ. ಆದರೆ ಹೊರಗಿನ ಅಡುಗೆಯವರನ್ನು ಒಳಗೆ ಬಿಡಲಿಲ್ಲ. ತಲೆಗೆ ಇಷ್ಟು ಅಂತ ಲೆಕ್ಕ. ಹಾಗಾಗಿ ಕಾಕಾ ಜನರನ್ನು ಕಡಿಮೆ ಮಾಡಬೇಕಾಯಿತು. ಓಣಿಯವರಲ್ಲಿ ಅರ್ಧ ಜನರನ್ನು ಕರೆಯಲೇ ಇಲ್ಲ. ಬೆಳಿಗ್ಗೆ ಮಂಡಾಳ ಒಗ್ಗರಣೆ, ಮಿರ್ಚಿ ಇಲ್ಲದ ಮದುವೆ ನಮ್ಮ ಕಡೆ ನಾನು ನೋಡಿದ್ದು ಅದೊಂದೇ. ಗೋಧಿ ಹುಗ್ಗಿ ಕೂಡ ಇರಲಿಲ್ಲ. ನಮ್ಮ ಸಂಬಂಧಿಕರು ವರ್ಷಗಟ್ಟಲೆ ನೆನೆಸುವುದು ಊಟವನ್ನೇ, ನೋಟವನ್ನಲ್ಲ.

ಇನ್ನು ತೋಟ.

ತಂಗಿಗೆ ಮೊದಲಿನಿಂದಲೂ ಒಂದು ಆಸೆ ಇತ್ತು. ಫೋನಿನಲ್ಲಿ ಹೊರದೇಶದ ಚಿತ್ರಗಳನ್ನು ನೋಡಿದ್ದಳು: ವಸಂತ ಕಾಲ, ದ್ರಾಕ್ಷಿ ಬಳ್ಳಿಗಳ ನಡುವೆ ಉದ್ದ ದಾರಿ, ಎರಡೂ ಬದಿ ಬಿಳಿ ಹೂವು, ಮಧ್ಯದಲ್ಲಿ ಮದುಮಕ್ಕಳು. "ಅಣ್ಣಾ, ಮಾಮಾನ ತ್ವಾಟದಾಗ ಹಿಂಗ ಮಾಡಾಕ ಬರೂದಿಲ್ಲೇನು?" ಅಂದಳು. ಬರುತ್ತದೆ. ಆದರೆ ತಿಂಗಳು ಬೇರೆ.

ಯುರೋಪಿನಲ್ಲಿ ವಸಂತ ಅಂದರೆ ಬಳ್ಳಿ ಆಗಷ್ಟೇ ಚಿಗುರುವ ಕಾಲ. ಅಲ್ಲಿ ಹಣ್ಣು ಕೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನಮ್ಮಲ್ಲಿ ಲೆಕ್ಕವೇ ಬೇರೆ. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವುದು, ಒಂದೇ ಬೆಳೆ. ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅದಾಗಿ ಸುಮಾರು ನಾಲ್ಕು ತಿಂಗಳಿಗೆ, ಫೆಬ್ರುವರಿ ಮಾರ್ಚ್ ಹೊತ್ತಿಗೆ, ಗೊಂಚಲು ಕೊಯ್ಲಿಗೆ ಬರುತ್ತದೆ. ಹಣ್ಣು ಇಳಿದ ಮೇಲೆ ಏಪ್ರಿಲ್ ಚಾಟ್ನಿ. ಆಗ ಕಡ್ಡಿಗಳನ್ನೆಲ್ಲ ಕತ್ತರಿಸಿ ಬಳ್ಳಿಯನ್ನು ಬೋಳು ಮಾಡುತ್ತಾರೆ. ಅಂದರೆ ಯುಗಾದಿ ಕಳೆದು, ಪಂಚಾಂಗದ ಪ್ರಕಾರ ನಿಜವಾದ ವಸಂತ ಋತುವಿನಲ್ಲಿ ಮದುವೆ ಇಟ್ಟರೆ ಅತಿಥಿಗಳಿಗೆ ಕಾಣುವುದು ತಂತಿ, ಕಲ್ಲುಕಂಬ ಮತ್ತು ಒಣ ಕಾಂಡ. ಎಲೆ, ಹಣ್ಣು, ನೆರಳು ಮೂರೂ ಬೇಕು ಅಂದರೆ ಮಾಘ ಅಥವಾ ಫಾಲ್ಗುಣದ ಮುಹೂರ್ತ ಹಿಡಿಯಬೇಕು. ಮುತ್ತುಗದ ಗಿಡ ಕೆಂಪಾಗಿ ಹೂಬಿಡುವುದೂ ಆಗಲೇ. ನಮ್ಮ ಸೀಮೆಯ ಚಂದದ ದಿನಗಳು ಅವೇ ಅಂತ ನನಗೆ ಅನಿಸುತ್ತದೆ.

ನಾವು ಫಾಲ್ಗುಣದ ಮುಹೂರ್ತ ಹಿಡಿದೆವು. ಸ್ವಾಮಿಗಳು ದಿನ ಕೊಟ್ಟರು, ಬೀಗರು ಒಪ್ಪಿದರು, ಕಾರ್ಡ್ ಹಂಚಿ ಆಯಿತು. ಆಮೇಲೆ ಎದ್ದಿದ್ದು ನಾನು ಹೇಳಿದ ತೊಡಕು. ತೋಟ ಮಾಮಾನದು, ಆದರೆ ಹಣ್ಣು ಆಗಲೇ ವ್ಯಾಪಾರಿಯದು.

ದ್ರಾಕ್ಷಿಯನ್ನು ಬೆಳೆದವರೇ ಮಾರುಕಟ್ಟೆಗೆ ಒಯ್ಯುವುದು ಕಡಿಮೆ. ವ್ಯಾಪಾರಿ ತೋಟಕ್ಕೇ ಬಂದು ಕಿಲೋಗೆ ದರ ಮಾತಾಡಿ, ಮುಂಗಡ ಕೊಟ್ಟು ಹೋಗುತ್ತಾನೆ. ಸಕ್ಕರೆ ಅಂಶ ಬಂದ ದಿನ ತನ್ನ ಆಳುಗಳನ್ನೂ ಲಾರಿಯನ್ನೂ ಕರೆತಂದು ಕೊಯ್ಯುತ್ತಾನೆ. ದ್ರಾಕ್ಷಿ ಕಿತ್ತ ಮೇಲೆ ಮಾವು, ಬಾಳೆಯ ಹಾಗೆ ಹಣ್ಣಾಗುವುದಿಲ್ಲ. ಸಿಹಿ ಬರುವವರೆಗೆ ಬಳ್ಳಿಯಲ್ಲೇ ಇರಬೇಕು, ಬಂದ ಮೇಲೆ ಬಿಟ್ಟರೆ ಕಾಳು ಮೆತ್ತಗಾಗುತ್ತದೆ, ಉದುರುತ್ತದೆ. ಅಕಾಲ ಮಳೆ ಬಿದ್ದರೆ ಕಾಳು ಸೀಳುತ್ತದೆ. ಆ ವಾರ ಮೋಡ ಬೇರೆ ಕವಿದಿತ್ತು. ಹಾಗಾಗಿ ವ್ಯಾಪಾರಿ ಮದುವೆಗೆ ನಾಲ್ಕು ದಿನ ಮುಂಚೆಯೇ ಪೂರ್ತಿ ತೋಟ ಕೊಯ್ಯುತ್ತೇನೆ ಅಂತ ಕೂತ.

"ಗೌಡ್ರ, ಗಾಡಿ ಒಂದ ಸಲ ಬರತೈತಿ. ಮದುವಿ ಸಲುವಾಗಿ ಹಣ್ಣು ಬಳ್ಳ್ಯಾಗ ಬಿಟ್ಟು ಮಳಿ ಬಂದ್ರ ನಾ ಏನ್ ಮಾಡ್ಲಿ?" ಅಂದ. ಅವನ ಮಾತಿನಲ್ಲೂ ನ್ಯಾಯ ಇತ್ತು. ಅವನಿಗೆ ಆಳುಗಳ ಕೂಲಿ, ಲಾರಿ ಬಾಡಿಗೆ, ಆಚೆ ಊರಿನ ಮಾರುಕಟ್ಟೆಯ ದರ, ಎಲ್ಲ ಆ ದಿನಕ್ಕೇ ಹೊಂದಿಕೊಂಡಿತ್ತು. ಆದರೆ ತಂಗಿ ಮುಖ ಸಣ್ಣದು ಮಾಡಿಕೊಂಡಳು. ಹಣ್ಣಿಲ್ಲದ ಬಳ್ಳಿ ಕೆಳಗೆ ಮದುವೆ ಆಗುವುದಾದರೆ ತೋಟಕ್ಕೆ ಬರುವುದೇಕೆ?

ಮಾಮಾನೇ ದಾರಿ ತೆಗೆದ. "ಮಂಟಪಕ್ಕ ಹೋಗೂ ದಾರಿ ಆಕಡಿ ಒಂದು ಸಾಲು, ಈಕಡಿ ಒಂದು ಸಾಲು ಬಿಡು. ಅಷ್ಟೂ ಹಣ್ಣು ನಿನ್ನ ದರದಾಗ ನಾನ ಕೊಳ್ತೀನಿ. ಮಳಿ ಬಂದ್ರ ಲುಕ್ಸಾನು ನಂದು" ಅಂದ. ವ್ಯಾಪಾರಿ ಒಪ್ಪಿದ. ಆ ಎರಡು ಸಾಲಿನ ಹಣ್ಣು ಹೆಚ್ಚುಕಡಿಮೆ ಒಂದು ಟನ್. ಸುಮ್ನೆ ಖರ್ಚು ಆಯಿತಲ್ಲ ಅಂತ ಅಪ್ಪ ಬೇಸರ ಮಾಡಿಕೊಂಡಿದ್ದರು. ಆಗ ಅವ್ವ, ಬಂದವರಿಗೆ ಕೊಡುವ ಸ್ಟೀಲ್ ಡಬ್ಬಿ ಬೇಡ, ದ್ರಾಕ್ಷಿಯನ್ನೇ ಕೊಡೋಣ ಅಂದಳು. ಅಕ್ಷತೆ ಬಿದ್ದು ಊಟ ಮುಗಿಯುವ ಹೊತ್ತಿಗೆ ಹುಡುಗರು ಗೊಂಚಲು ಕತ್ತರಿಸಿ, ಕಿಲೋ ಕಿಲೋ ಪೆಟ್ಟಿಗೆ ಕಟ್ಟಿ, ಎಲೆ ಅಡಿಕೆ ಜೊತೆ ಕೊಟ್ಟರು. ಡಬ್ಬಿಯ ದುಡ್ಡು ಉಳಿಯಿತು, ಹಣ್ಣಿನ ದುಡ್ಡಿಗೆ ಅದು ಬಹುಪಾಲು ಸರಿಹೋಯಿತು. ಬೀಗರ ಊರಿನಲ್ಲಿ ಇವತ್ತಿಗೂ ಆ ಹಣ್ಣಿನ ಮಾತು ಬರುತ್ತದೆ.

ನೀವು ಮಾಡುವುದಾದರೆ ವ್ಯಾಪಾರಿ ಮುಂಗಡ ಕೊಡುವ ದಿನವೇ ಈ ಮಾತು ಮುಗಿಸಿ. ಬಾಯಿಮಾತು ಸಾಲದು, ಚೀಟಿಯಲ್ಲಿ ಬರೆಸಿ. ಕೊಯ್ಲು ಆದ ಮೇಲೆ ನೆಲದಲ್ಲಿ ಬಿದ್ದ ಕಾಳುಗಳನ್ನು ಅದೇ ದಿನ ಗುಡಿಸಿಸಿ. ಬಿಟ್ಟರೆ ನೊಣ, ಇರುವೆ, ಕಣಜದ ಹುಳ ಎಲ್ಲ ಬರುತ್ತವೆ. ಇನ್ನೊಂದು ಮುಖ್ಯ ವಿಷಯ ಔಷಧಿ. ಮಕ್ಕಳು ಗೊಂಚಲು ಕಂಡರೆ ಕಿತ್ತು ಬಾಯಿಗೆ ಹಾಕುತ್ತಾರೆ. ಕೊನೆಯ ಸಿಂಪರಣೆಗೂ ಕೊಯ್ಲಿಗೂ ಎಷ್ಟು ದಿನ ಬಿಡಬೇಕು ಅಂತ ಔಷಧಿ ಡಬ್ಬಿ ಮೇಲೆ ಬರೆದಿರುತ್ತದೆ. ಮಾಮಾ ಅದಕ್ಕಿಂತ ಮುಂಚೆಯೇ ನಿಲ್ಲಿಸಿದ್ದ. ಬೇರೆಯವರ ತೋಟವಾದರೆ ಇದನ್ನು ಕೇಳಲೇಬೇಕು.

ಉಳಿದದ್ದು ಸಣ್ಣಪುಟ್ಟದ್ದು. ಪಂಪ್‌ಸೆಟ್ ಕರೆಂಟ್ ನಂಬಬೇಡಿ, ಜನರೇಟರ್ ತನ್ನಿ, ಗಾಳಿಗೆ ಹೊಗೆ ಆಚೆ ಹೋಗುವ ಕಡೆ ಇಡಿ. ಗಾಡಿ ಮೇಲಿನ ಶೌಚಾಲಯ ಬಾಡಿಗೆಗೆ ಸಿಗುತ್ತದೆ, ಎರಡು ಹೇಳಿ. ಹನಿ ನೀರಾವರಿ ಪೈಪನ್ನು ತಂತಿಗೆ ಎತ್ತಿ ಕಟ್ಟಿಸಿ, ಇಲ್ಲದಿದ್ದರೆ ಹಂದರದ ಗೂಟ ಹೊಡೆಯುವವರು ತೂತು ಮಾಡುತ್ತಾರೆ. ಬಳ್ಳಿಯ ಚಪ್ಪರದ ಎತ್ತರಕ್ಕೆ ಬಾಸಿಂಗ ಕಟ್ಟಿದ ವರ ತಲೆ ಬಗ್ಗಿಸಬೇಕಾಗುತ್ತದೆ. ಆದ್ದರಿಂದ ಮಂಟಪ ಸಾಲುಗಳ ಕೊನೆಯಲ್ಲಿ ಬಯಲಿಗೆ ಇರಲಿ, ಊಟ ಕಣದಲ್ಲಿ ಶಾಮಿಯಾನದ ಕೆಳಗೆ. ಮುಹೂರ್ತ ಹತ್ತು ಗಂಟೆಯೊಳಗೆ ಇದ್ದರೆ ಒಳ್ಳೆಯದು, ಆಮೇಲೆ ನಮ್ಮ ಬಿಸಿಲು ಯಾರನ್ನೂ ಬಿಡುವುದಿಲ್ಲ. ಕೆಲವರು ಗುಟ್ಟಾಗಿ ವೈನ್ ಇದೆಯಾ ಅಂತ ಕೇಳಿದರು. ನಮ್ಮದು ಥಾಮ್ಸನ್ ಸೀಡ್‌ಲೆಸ್, ತಿನ್ನುವ ಹಣ್ಣು. ಮಿಕ್ಕರೆ ಒಣದ್ರಾಕ್ಷಿ ಆಗುತ್ತದೆ, ಅಷ್ಟೇ.

ಅಲಂಕಾರಕ್ಕೆ ಜಾಸ್ತಿ ಖರ್ಚು ಮಾಡಲಿಲ್ಲ. ದಾರಿಗೆ ಬಿಳಿ ಬಟ್ಟೆ, ಮಲ್ಲಿಗೆ ಮಾಲೆ, ಬಾಳೆ ಕಂಬ, ಮಾವಿನ ತೋರಣ, ಮಂಟಪದ ಎರಡು ಬದಿ ಕಿನ್ನಾಳದ ಬಣ್ಣದ ಗೊಂಬೆಗಳು. ತಂಗಿ ಉಟ್ಟಿದ್ದು ಇಳಕಲ್ ಸೀರೆ, ತೊಟ್ಟಿದ್ದು ಗುಳೇದಗುಡ್ಡದ ಖಣದ ಕುಪ್ಪಸ. ಬೆಳಗಿನ ಎಳೆ ಬಿಸಿಲು ಎಲೆಗಳ ನಡುವೆ ಹಾದು ಹಸಿರು ಗೊಂಚಲುಗಳ ಮೇಲೆ ಬೀಳುತ್ತಿತ್ತು. ಅವಳು ಸೋದರತ್ತೆಯ ಕೈ ಹಿಡಿದು ಆ ಸಾಲಿನಲ್ಲಿ ನಡೆದು ಬಂದದ್ದನ್ನು ನೋಡಿ ಅಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಯಾವ ಹಾಲ್‌ನ ಲೈಟೂ ಅಷ್ಟು ಚಂದ ಮಾಡಲಾರದು.

ದುಡ್ಡಿನ ಮಾತು. ತೋಟಕ್ಕೆ ಬಾಡಿಗೆ ಇಲ್ಲದಿದ್ದರೂ ಶಾಮಿಯಾನ, ಕುರ್ಚಿ, ಜನರೇಟರ್, ನೀರಿನ ಟ್ಯಾಂಕರ್ ಎಲ್ಲ ಸೇರಿ ಕಲ್ಯಾಣ ಮಂಟಪಕ್ಕಿಂತ ಸುಮಾರು ಮೂವತ್ತು ಸಾವಿರ ಹೆಚ್ಚೇ ಆಯಿತು. ರೆಸಾರ್ಟ್‌ಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ, ಅದೂ ಊರೆಲ್ಲ ಉಂಡು. ನಮ್ಮ ಮನೆಯವರಿಗೆ ಜನ ಬೇಕು, ನಮ್ಮದೇ ಅಡುಗೆಯವರು ಬೇಕು, ಸಂಜೆವರೆಗೆ ಕೂತು ಮಾತಾಡಬೇಕು. ಹಾಗಾಗಿ ನಮಗೆ ತೋಟವೇ ಸರಿ. ನೂರು ಜನ ಸಾಕು, ಕೆಲಸದ ತಲೆನೋವು ಬೇಡ ಅನ್ನುವವರು ರೆಸಾರ್ಟ್‌ಗೆ ಹೋಗಲಿ. ವೈಶಾಖ, ಜ್ಯೇಷ್ಠದಲ್ಲಿ ಮದುವೆ ಬಂದರೆ ಕಲ್ಯಾಣ ಮಂಟಪವೇ ಒಳ್ಳೆಯದು, ಆಗ ತೋಟದಲ್ಲಿ ತೋರಿಸುವಂಥದ್ದು ಏನೂ ಇರುವುದಿಲ್ಲ.

ಬರುವ ಮಾಘದ ನಂತರ ಮಾಮಾನ ಮಗಳ ಮದುವೆ ಇದೆ, ಅದೇ ತೋಟದಲ್ಲಿ. ಈ ಸಲ ವ್ಯಾಪಾರಿಯ ಜೊತೆ ಎಳೆದಾಟ ಬೇಡ ಅಂತ ಮಾಮಾ ದಾರಿಯ ಎರಡೂ ಬದಿಯ ಸಾಲುಗಳಿಗೆ ಅಕ್ಟೋಬರ್ ಚಾಟ್ನಿಯನ್ನು ಹದಿನೈದು ದಿನ ತಡವಾಗಿ ಮಾಡಿಸುತ್ತಾನೆ. ಆ ಹಣ್ಣು ಉಳಿದ ತೋಟಕ್ಕಿಂತ ತಡವಾಗಿ ಮಾಗುತ್ತದೆ. ಅದನ್ನು ಮಾರಾಟದ ಲೆಕ್ಕಕ್ಕೆ ಸೇರಿಸುವುದೇ ಇಲ್ಲವಂತೆ.