ಗ್ರಾಮ ಪಂಚಾಯಿತಿಯ ದಾಖಲೆ ಪಡೆಯಲು ಯಾವ ದಾರಿ? ಅಂಚೆಯ ಅರ್ಜಿ, ಆನ್‌ಲೈನ್, ಸೋಮವಾರದ ತಪಾಸಣೆ

ಪುಣೆಯ ಅಂಚಿಗೆ, ಮುಳಶಿ ತಾಲ್ಲೂಕಿನ ಒಂದು ಹಳ್ಳಿಯ ಗಾವಠಾಣದಲ್ಲಿ (ಊರೊಳಗಿನ ವಸತಿ ಜಾಗದಲ್ಲಿ) ಹಳೆಯ ಮನೆಯೊಂದನ್ನು ಕೊಂಡ ಮೇಲೆ, ಪಕ್ಕದ ಓಣಿ ಪಂಚಾಯಿತಿಗೆ ಸೇರಿದ್ದೋ ನೆರೆಯವರ ಖಾಸಗಿ ಜಾಗವೋ ಎಂಬ ತಕರಾರು ಎದ್ದು, ದಾಖಲೆ ಹುಡುಕುವುದು ಅನಿವಾರ್ಯವಾಯಿತು. ಇದಕ್ಕಿರುವ ದಾರಿಗಳನ್ನೆಲ್ಲ ತುಳಿದು ನೋಡಿದ್ದೇನೆ. ಸೋಮವಾರ ಮಧ್ಯಾಹ್ನ ಪಂಚಾಯಿತಿ ಕಚೇರಿಗೆ ಹೋಗಿ ವಹಿಗಳನ್ನು ಕಣ್ಣಾರೆ ನೋಡಿ ಬರುವುದೇ ನನಗೆ ಒಗ್ಗಿದ ದಾರಿ. ಉಳಿದವುಗಳ ಬಗ್ಗೆ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಓದುಗರು ಅದನ್ನು ಕಳೆದು ಓದಿಕೊಳ್ಳಬಹುದು.

ಮೊದಲು ಆನ್‌ಲೈನ್ ಸೌಲಭ್ಯಗಳ ಮಾತು. ಹೊಲ ಕೊಳ್ಳುವವರಿಗೆ ಮಹಾರಾಷ್ಟ್ರದ ಭೂದಾಖಲೆಯ ಜಾಲತಾಣಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ನಮ್ಮ ಕಡೆಯ ಪಹಣಿಯಂಥ ಸಾತ್‌ಬಾರಾ, ಡಿಜಿಟಲ್ ಸಹಿಯೊಂದಿಗೆ, 15 ರೂಪಾಯಿಗೆ ಮನೆಯಲ್ಲೇ ಸಿಗುತ್ತದೆ. ಆದರೆ ಗಾವಠಾಣದೊಳಗಿನ ಮನೆಗಳಿಗೆ ಸಾತ್‌ಬಾರಾ ಇರುವುದಿಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಅಳತೆ ಮುಗಿದು ಮಾಲ್ಮತ್ತಾ ಪತ್ರಿಕೆ, ಅಂದರೆ ಮನೆಯ ಆಸ್ತಿ ಕಾರ್ಡು, ಕೈಗೆ ಬಂದಿರುವ ಹಳ್ಳಿಗಳ ಸಂಗತಿ ಬೇರೆ; ನನ್ನ ಮನೆಯ ಮಟ್ಟಿಗೆ ಅದಿನ್ನೂ ಬಂದಿಲ್ಲ. ಲೋಕಸೇವಾ ಹಕ್ಕು ಕಾಯ್ದೆಯಡಿಯ ‘ಆಪಲೆ ಸರ್ಕಾರ್’ ತಾಣದಲ್ಲಿ ಜನನ, ಮರಣ, ವಿವಾಹದ ದಾಖಲೆಗಳ ಜೊತೆಗೆ ಮನೆಯ ತೆರಿಗೆಯ ನಮೂನೆ 8ರ ಉತಾರವೂ (ವಹಿಯಿಂದ ತೆಗೆದ ನಕಲು) ದೊರೆಯುತ್ತದೆ. ಪಟ್ಟಿಯಲ್ಲಿಲ್ಲದ ದಾಖಲೆಗೆ ಅಲ್ಲಿ ಜಾಗವಿಲ್ಲ. ಇ-ಗ್ರಾಮ ಸ್ವರಾಜ್ ತಾಣದಲ್ಲಿ ಪಂಚಾಯಿತಿಯ ಯೋಜನೆ ಮತ್ತು ಖರ್ಚು ಕಾಣುತ್ತವೆ, ಓಣಿ ಯಾರದೆಂಬುದು ಕಾಣುವುದಿಲ್ಲ.

ಎರಡನೆಯದು, ಮಾಹಿತಿ ಹಕ್ಕಿನ ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸುವುದು. ಕಾಯ್ದೆ 2005ರದು, ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕಾರಣ ಹೇಳಬೇಕಾಗಿಲ್ಲ, ಮರಾಠಿ ಬರೆಯಲು ಬಾರದವರು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು. ಶುಲ್ಕದ ಬದಲು ಅರ್ಜಿಗೆ ಅಂಟಿಸುವ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪಿಗಾಗಿ ತಹಶೀಲು ಕಚೇರಿಯ ಬಳಿಯ ಸ್ಟಾಂಪ್ ವೆಂಡರನನ್ನು ಹುಡುಕಿಕೊಂಡು ಹೋಗುವ ಖರ್ಚು ಆ ಸ್ಟಾಂಪಿನ ಬೆಲೆಯನ್ನು ಮೀರುತ್ತದೆ ಎಂಬುದೊಂದು ಸಣ್ಣ ಕಿರಿಕಿರಿ.

ದೊಡ್ಡ ತೊಡಕು ಬೇರೆಯೇ ಇದೆ. ದಾಖಲೆಯ ಹೆಸರು ಗೊತ್ತಿಲ್ಲದವನಿಗೆ ದಾಖಲೆ ಸಿಗುವುದಿಲ್ಲ, ದಾಖಲೆಯನ್ನು ನೋಡದ ಹೊರತು ಅದರ ಹೆಸರು ಗೊತ್ತಾಗುವುದಿಲ್ಲ. ಮಹಾರಾಷ್ಟ್ರದಲ್ಲಿ 2012ರಿಂದ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕೆಂಬ ನಿಯಮವೂ ಇರುವುದರಿಂದ, ಊಹೆಯ ಮೇಲೆ ನಾಲ್ಕಾರು ಬಗೆಯ ದಾಖಲೆಗಳನ್ನು ಒಟ್ಟಿಗೆ ಕೇಳಿ ನೋಡುವ ಉಪಾಯವೂ ನಡೆಯುವುದಿಲ್ಲ. ಸದರಿ ಓಣಿಗೆ ಸಂಬಂಧಿಸಿದ ಎಲ್ಲ ದಾಖಲೆಗಳು ಬೇಕೆಂದು ನಾನು ಬರೆದ ಅರ್ಜಿಗೆ, ಗಡುವು ಮುಗಿಯುವ ಹೊತ್ತಿಗೆ, ಅಂಥ ದಾಖಲೆ ಕಚೇರಿಯಲ್ಲಿ ಕಂಡುಬರುವುದಿಲ್ಲ ಎಂಬ ಒಂದೇ ಸಾಲಿನ ಉತ್ತರ ಬಂದಿತು.

ಮಹಾರಾಷ್ಟ್ರದ ಪಂಚಾಯಿತಿಗಳ ಲೆಕ್ಕಪತ್ರವೆಲ್ಲ 1ರಿಂದ 33ರವರೆಗಿನ ನಮೂನೆಗಳಲ್ಲಿ ಹಂಚಿಕೊಂಡಿದೆ. ಮನೆಗಳ ತೆರಿಗೆ ನಿರ್ಧರಣೆ ನಮೂನೆ 8ರಲ್ಲಿ, ಪಂಚಾಯಿತಿಯ ತಾಬೆಯಲ್ಲಿರುವ ರಸ್ತೆಗಳು ನಮೂನೆ 23ರಲ್ಲಿ, ಜಮೀನು ನಮೂನೆ 24ರಲ್ಲಿ. ಸಾಲದೆಂಬಂತೆ, ತಲಾಠಿಯ (ನಮ್ಮ ಕಡೆಯ ಗ್ರಾಮ ಲೆಕ್ಕಿಗರಂಥವರ) ಬಳಿ 8ಅ ಎಂಬ ಇನ್ನೊಂದು ಉತಾರವಿದೆ. ಅದು ಖಾತೆದಾರನ ಹೊಲಗಳದು, ಮನೆಗೂ ಅದಕ್ಕೂ ಸಂಬಂಧವಿಲ್ಲ. ಇಂಡಿ ತಾಲ್ಲೂಕಿನಿಂದ ಬಂದು ನೆಲೆಸಿರುವ ನಮ್ಮ ನೆರೆಯ ಕಾಕಾ, ಮನೆಯ ಉತಾರ ಬೇಕೆಂದು ತಲಾಠಿ ಕಚೇರಿಗೂ, ಹೊಲದ ಉತಾರ ಬೇಕೆಂದು ಪಂಚಾಯಿತಿಗೂ ಅಲೆದದ್ದು ಈ 8 ಮತ್ತು 8ಅ ಕಾರಣದಿಂದಲೇ. ಯಾವುದು ಯಾವ ನಮೂನೆಯಲ್ಲಿದೆ ಎಂಬುದನ್ನು ಅರ್ಜಿದಾರನಿಗೆ ತಿಳಿಸಿ ಹೇಳುವ ಗೋಜಿಗೆ ಉತ್ತರ ಬರೆಯುವವರು ಹೋದಂತೆ ತೋರುವುದಿಲ್ಲ. ಮೊದಲ ಮೇಲ್ಮನವಿಯನ್ನು ಪಂಚಾಯತ್ ಸಮಿತಿಯ ಅಧಿಕಾರಿಗೆ, ಎರಡನೆಯದನ್ನು ರಾಜ್ಯ ಮಾಹಿತಿ ಆಯೋಗದ ಪುಣೆ ಪೀಠಕ್ಕೆ ಸಲ್ಲಿಸಬಹುದು ನಿಜ. ಆದರೆ ಕೇಳಿದ ಪ್ರಶ್ನೆಯೇ ಮಸುಕಾಗಿದ್ದರೆ ಮೇಲ್ಮನವಿಯಿಂದ ಕಾಲ ಕಳೆಯುವುದು ಬಿಟ್ಟು ಹೆಚ್ಚಿನ ಪ್ರಯೋಜನವಿಲ್ಲ.

ಈ ಗಂಟನ್ನು ಬಿಡಿಸಿದ್ದು ಸೋಮವಾರದ ತಪಾಸಣೆ. ಪುಣೆ ಮಹಾನಗರಪಾಲಿಕೆಯಲ್ಲಿ ಮೊದಲೇ ರೂಢಿಯಲ್ಲಿದ್ದ ಈ ಪದ್ಧತಿಯನ್ನು 2018ರ ನವೆಂಬರಿನ ಸುತ್ತೋಲೆಯ ಮೂಲಕ ರಾಜ್ಯ ಸರ್ಕಾರ ಜಿಲ್ಲಾ ಮಟ್ಟದ ಕಚೇರಿಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಿತು: ಪ್ರತಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರು ದಾಖಲೆಗಳನ್ನು ನೋಡಬಹುದು. ಹಳ್ಳಿಯಲ್ಲಿ ಇದು ಗೊತ್ತಿರುವವರು ಕಡಿಮೆ, ಕಚೇರಿಯವರಿಗೂ ನೆನಪಿಸಬೇಕಾಗುತ್ತದೆ. ಸುತ್ತೋಲೆಯ ಪ್ರತಿಯೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಎಲ್ಲರೂ ಭಾವೂಸಾಹೇಬ್ ಎಂದು ಕರೆಯುವ ಗ್ರಾಮಸೇವಕರ, ಅಂದರೆ ಪಂಚಾಯಿತಿ ಕಾರ್ಯದರ್ಶಿಯ, ಮೇಲೆ ಬೇರೆ ಹಳ್ಳಿಯ ಹೊಣೆಯೂ ಇರುವುದರಿಂದ, ಹೊರಡುವ ಮೊದಲು ಫೋನು ಮಾಡಿ ಅವರು ಇದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಮೇಜಿನ ಮೇಲೆ ಬಂದದ್ದು ಅಂಚು ಹರಿದು ಸುತಳಿ ಕಟ್ಟಿದ್ದ ನಮೂನೆ 23ರ ವಹಿ. ಅದರಲ್ಲಿ ನಮ್ಮ ಓಣಿ, ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರ ಮತ್ತು ಉದ್ದ ಅಗಲಗಳ ಸಹಿತ ದಾಖಲಾಗಿತ್ತು. ಅಗಲದ ಅಂಕಿಯನ್ನು ಒಮ್ಮೆ ತಿದ್ದಿ ಪಕ್ಕದಲ್ಲಿ ಕಿರುಸಹಿ ಹಾಕಿದ್ದರು. ಹಾಗೆ ತಿದ್ದಿದ್ದು ಅಂಚೆಯಲ್ಲಿ ಬರುವ ಒಂದು ಸಾಲಿನ ಉತ್ತರದಲ್ಲಿ ಎಂದೂ ತಿಳಿಯದು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಗುಮಾಸ್ತರು ಒಪ್ಪಲಿಲ್ಲ. ನಾನೂ ವಾದಕ್ಕೆ ಇಳಿಯದೆ ಪುಟದ ಸಂಖ್ಯೆ, ಕ್ರಮಸಂಖ್ಯೆಗಳನ್ನು ಬರೆದುಕೊಂಡೆ. ಟಿಪ್ಪಣಿ ಮಾಡಿಕೊಳ್ಳುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದೆ. ದೃಢೀಕೃತ ನಕಲಿಗಾಗಿ ಆ ಪುಟದ ಸಂಖ್ಯೆಯನ್ನು ನಮೂದಿಸಿ ಅಲ್ಲೇ ಅರ್ಜಿ ಕೊಟ್ಟು, 10 ರೂಪಾಯಿ ನಗದಾಗಿ ಕಟ್ಟಿ ರಸೀದಿ ಪಡೆದೆ. ಈ ಸಲ ‘ಕಂಡುಬರುವುದಿಲ್ಲ’ ಎನ್ನಲು ಅವಕಾಶವಿರಲಿಲ್ಲ.

ನಿವೃತ್ತನಾದ ನನಗೆ ಸೋಮವಾರ ಮಧ್ಯಾಹ್ನ ಬಿಡುವಿರುತ್ತದೆ, ಸ್ಕೂಟರಿನ ಪೆಟ್ರೋಲು ಬಿಟ್ಟರೆ ಖರ್ಚಿಲ್ಲ, ಹಳೆಯ ವಹಿಗಳನ್ನು ತಿರುವಿಹಾಕುವುದರಲ್ಲಿ ಬೇಸರವೂ ಇಲ್ಲ. ಆದ್ದರಿಂದ ಇದೇ ನನ್ನ ಆಯ್ಕೆ. ಹಿಂಜವಡಿಯ ಕಂಪನಿಯಲ್ಲಿ ದುಡಿಯುವ ನನ್ನ ಮಗನಂಥವರಿಗೆ ಸೋಮವಾರದ ರಜೆ ದುಬಾರಿ. ಅವರು ಅಂಚೆಯ ದಾರಿಯನ್ನೇ ಹಿಡಿಯಲಿ, ಆದರೆ ಅರ್ಜಿಯಲ್ಲಿ ನಮೂನೆಯ ಸಂಖ್ಯೆಯನ್ನು ತಪ್ಪದೆ ಬರೆಯಲಿ; ಅದು ಗೊತ್ತಿಲ್ಲದಿದ್ದರೆ ನಕಲು ಕೇಳುವ ಬದಲು ವಹಿಗಳ ತಪಾಸಣೆಗೆ ದಿನ ಕೊಡಿ ಎಂದು ಕೇಳಲಿ.